ಸಕುಟುಂಬ ಸಪರಿವಾರ ಸಮೇತ

ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ದಿನ, ಮುಹೂರ್ತ, ಸ್ಥಳ ಬದಲಾಗುತ್ತವೆ. ಬದಲಾಗದೆ ನಿಂತಿರುವುದು ಒಂದು ಮಾತು. ತಾವು ಸಕುಟುಂಬ ಸಪರಿವಾರ ಸಮೇತರಾಗಿ ಬರಬೇಕು ಎಂಬುದು ಅದು. ಅದನ್ನು ಯಾರೂ ಅಕ್ಷರಶಃ ತೆಗೆದುಕೊಳ್ಳುವುದಿಲ್ಲವೆಂಬುದು ನಿಜ. ಪರಿವಾರವೆಲ್ಲ ನಿಜವಾಗಿ ಬಂದಿಳಿದರೆ ಅಡಿಗೆಯವರು ಎರಡನೆಯ ಪಂಕ್ತಿಗೇ ಸಾರಿಗೆ ನೀರು ಬೆರೆಸಬೇಕಾದೀತು. ಆದರೂ ಆ ಮಾತಿನೊಳಗೆ ಹಳೆಯದೊಂದು ತಿಳಿವಳಿಕೆ ಉಂಟು. ಒಬ್ಬನನ್ನು ಕರೆಯುವಾಗ ಅವನ ಹಿಂದೆ ಒಂದು ಮನೆ ಇದೆಯೆಂಬುದನ್ನು ಒಪ್ಪಿಕೊಂಡೇ ಕರೆಯುತ್ತೇವೆ.

ದೇಶಗಳು ಹೀಗೆ ಕರೆಯುವುದಿಲ್ಲ. ಅವು ಬಡಗಿಯನ್ನು ಕರೆಯುತ್ತವೆ, ದಾದಿಯನ್ನು ಕರೆಯುತ್ತವೆ, ವಿದ್ಯಾರ್ಥಿಯನ್ನು ಕರೆಯುತ್ತವೆ. ರಹದಾರಿಯ ಮೇಲೆ ಒತ್ತುವ ಮುದ್ರೆ ಒಬ್ಬನಿಗೆ. ಮನೆಯವರ ಮಾತು ಬಂದಾಗ ಬೇರೊಂದು ಅರ್ಜಿ, ಬೇರೊಂದು ಶುಲ್ಕ, ಬೇರೊಂದು ಅರ್ಹತೆ. ಶಾಂತಿಯ ಕಾಲದಲ್ಲಿ ಇದೊಂದು ತೊಡಕು, ಅಷ್ಟೆ. ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಬಂದು ಹೋದರೆ ಹೇಗೋ ನಡೆದುಹೋಗುತ್ತದೆ. ಯುದ್ಧ ಬಂದಾಗ ನಡೆಯುವುದಿಲ್ಲ. ಒಬ್ಬನನ್ನು ಕರೆದ ದೇಶ ಅವನ ಮನೆಯವರಿಗೆ ಎಷ್ಟರಮಟ್ಟಿಗೆ ಬಾಧ್ಯವಾಯಿತು ಎಂಬ ಪ್ರಶ್ನೆ ಆಗ ಎದ್ದು ನಿಲ್ಲುತ್ತದೆ.

ಕರೆಸಿಕೊಂಡವರ ಕಷ್ಟವನ್ನು ನಮ್ಮ ಕರಾವಳಿ ಬಹುಕಾಲದಿಂದ ಬಲ್ಲದು. ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿ ದೇಶಗಳಿಗೆ ಹೋದವರ ಮಾತಿನಲ್ಲಿ ‘ಬ್ಯಾಚಲರ್’ ಎಂಬ ಶಬ್ದಕ್ಕೆ ವಿಚಿತ್ರವಾದ ಅರ್ಥ ಬಂದಿದೆ. ಊರಿನಲ್ಲಿ ಹೆಂಡತಿಯೂ ಮೂರು ಮಕ್ಕಳೂ ಇರುವ ಐವತ್ತರ ಮನುಷ್ಯನೂ ಅಲ್ಲಿ ಬ್ಯಾಚಲರನೇ; ಅವನ ಸಂಬಳ ಅವನನ್ನು ಸಂಸಾರವಂದಿಗನೆಂದು ಎಣಿಸುವುದಕ್ಕೆ ಸಾಲದು. ಕುವೈತಿನವರು 2022ರಲ್ಲಿ ನಿಲ್ಲಿಸಿದ್ದ ಕುಟುಂಬ ವೀಸಾಗಳನ್ನು 2024ರ ಜನವರಿಯಲ್ಲಿ ಮತ್ತೆ ಕೊಡತೊಡಗಿದಾಗ, ತಿಂಗಳಿಗೆ 800 ದಿನಾರ್ ಸಂಬಳವಿರಬೇಕೆಂದು ವಿಧಿಸಿದರು. ಅದಕ್ಕಿಂತ ಕಡಮೆಯವನಿಗೆ ಕುಟುಂಬವಿಲ್ಲ ಎಂದೇ ಲೆಕ್ಕ. ಇದನ್ನು ಅರಬರ ದೋಷವೆಂದು ಭಾವಿಸಬೇಕಾಗಿಲ್ಲ. 2024ರ ಮಾರ್ಚ್ 11ರಿಂದ ಬ್ರಿಟನ್, ವೃದ್ಧರ ಆರೈಕೆಯ ಕೆಲಸಕ್ಕೆ ಹೊಸದಾಗಿ ಬರುವ ಹೊರನಾಡಿನವರು ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೆ ತರುವಂತಿಲ್ಲವೆಂದು ನಿಯಮ ಮಾಡಿತು. ಬೇರೊಬ್ಬರ ತಾಯಿಯನ್ನು ನೋಡಿಕೊಳ್ಳಲು ಬಂದವಳು ತನ್ನ ಮಗುವನ್ನು ಮತ್ತೊಬ್ಬರ ಕೈಯಲ್ಲಿ ಬಿಟ್ಟು ಬರಬೇಕಾಯಿತು.

ಆದರೂ ಈ ಎಲ್ಲ ಕಥೆಗಳಲ್ಲಿ ನಮಗೊಂದು ಭಾಗ್ಯವಿತ್ತು. ಅದನ್ನು ನಾವು ಸಾಕಷ್ಟು ಗಮನಿಸಿಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಅವರು ಬಾಗ್ದಾದಿನ ದಾರಿಯಾಗಿ ಜೋರ್ಡಾನ್ ಗಡಿ ಸೇರಿ, ಮರುಭೂಮಿಯ ಡೇರೆಗಳಲ್ಲಿ ಕಾದು, ಅಮ್ಮಾನಿನಿಂದ ವಿಮಾನವೇರಿದರು. ಎರಡು ತಿಂಗಳೊಳಗೆ ಏರ್ ಇಂಡಿಯಾ 488 ಹಾರಾಟಗಳಲ್ಲಿ 1,10,000ಕ್ಕೂ ಹೆಚ್ಚು ಜನರನ್ನು ಮುಂಬಯಿಗೆ ತಂದಿಳಿಸಿತು. ಆಗ ಲೆಕ್ಕವೇ ತಲೆಕೆಳಗಾಯಿತು. ಹೆಚ್ಚು ಸಂಬಳದ ಬಲದಿಂದ ಸಂಸಾರವನ್ನು ಕರೆಸಿಕೊಂಡಿದ್ದವನು ಮಕ್ಕಳನ್ನು ಕಟ್ಟಿಕೊಂಡು ಮರಳಿನಲ್ಲಿ ಅಲೆದ. ಬ್ಯಾಚಲರನ ಮಕ್ಕಳು ಊರಿನಲ್ಲಿ ಶಾಲೆಗೆ ಹೋಗುತ್ತಿದ್ದರು. 2022ರಲ್ಲಿ ಯುಕ್ರೇನಿನಿಂದ ವೈದ್ಯ ವಿದ್ಯಾರ್ಥಿಗಳನ್ನು ತಂದದ್ದೂ, 2023ರ ಏಪ್ರಿಲಿನಲ್ಲಿ ಗಿಡಮೂಲಿಕೆಯ ಎಣ್ಣೆ ಮಾರಲು ಸುಡಾನಿಗೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನರನ್ನು ‘ಕಾವೇರಿ’ ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ತಂದದ್ದೂ ಇದೇ ಬಗೆಯದು. ಯುಕ್ರೇನಿನಲ್ಲಿ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಹಿಂದಿರುಗದೆ ಹೋದ. ಆ ಮನೆಯ ದುಃಖ ನಾಡಿನ ದುಃಖವಾಯಿತು. ಎಲ್ಲ ಕಡೆಯೂ ಬೆಂಕಿ ಹೊರಗೆ, ಮನೆ ತಣ್ಣಗೆ. ಮಗನನ್ನು ಮನೆಗೆ ತಂದರೆ ಕಥೆ ಮುಗಿಯಿತು. ಯುದ್ಧವೆಂದರೆ ಊರಿಗೆ ವಾಪಸು ಬರಬೇಕಾದ ಸಂದರ್ಭ ಎಂದೇ ನಮ್ಮ ತಿಳಿವಳಿಕೆ.

ಮೈಸೂರು ರಸ್ತೆಯ ಬದಿಯ ಜ್ಞಾನಭಾರತಿಯಲ್ಲಿ ಈ ತಿಳಿವಳಿಕೆ ಸಾಲದೆ ಹೋಗುತ್ತದೆ. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯ 1973ರಲ್ಲಿ ಇಲ್ಲಿನ ಸುಮಾರು 1,100 ಎಕರೆ ಬಯಲಿಗೆ ಬಂದಮೇಲೆ ಹೊರದೇಶದ ವಿದ್ಯಾರ್ಥಿಗಳೂ ಈ ಕಡೆಗೆ ಬಂದರು. ಇರಾನ್, ಯೆಮನ್, ಸುಡಾನ್, ಅಫ್ಘಾನಿಸ್ತಾನ: ಆ ದೇಶಗಳ ಹೆಸರುಗಳನ್ನು ಒಟ್ಟಿಗೆ ಹೇಳಿದರೆ ಇತ್ತೀಚಿನ ಕಾಲದ ಯುದ್ಧಗಳ ಪಟ್ಟಿಯೇ ಆಗಿಬಿಡುತ್ತದೆ. ಇವರಿಗೆ ಮನೆಯೇ ಬೆಂಕಿಯ ಮಧ್ಯೆ, ಹೊರನಾಡೇ ತಂಪು. ಇವರನ್ನು ವಿಮಾನದಲ್ಲಿ ಊರಿಗೆ ಕಳಿಸುವುದು ಪರಿಹಾರವಲ್ಲ. ಇವರಿಗೆ ಬೇಕಾದದ್ದು ಅದರ ವಿರುದ್ಧ ದಿಕ್ಕಿನ ಕೆಲಸ. ಊರಿನವರು ಇಲ್ಲಿಗೆ ಬರುವುದು.

2021ರ ಆಗಸ್ಟ್ 15ರಂದು, ನಾವು ಬಾವುಟ ಹಾರಿಸುತ್ತಿದ್ದ ದಿನವೇ, ಕಾಬೂಲು ತಾಲಿಬಾನರ ಕೈಸೇರಿತು. ನಮ್ಮ ಸರಕಾರ 17ರಂದು ಅಫ್ಘನರಿಗಾಗಿ ‘ತುರ್ತು’ ಎಂಬ ಹೆಸರಿನ ಹೊಸ ಇ-ವೀಸಾ ಒಂದನ್ನು ಪ್ರಕಟಿಸಿತು. ಅದರ ಅವಧಿ ಆರು ತಿಂಗಳು. 25ರಂದು ಇನ್ನೊಂದು ಪ್ರಕಟನೆ ಬಂತು: ಆಗ ಭಾರತದ ಹೊರಗಿದ್ದ ಅಫ್ಘನರಿಗೆ ಹಿಂದೆ ಕೊಟ್ಟಿದ್ದ ವೀಸಾಗಳೆಲ್ಲ ರದ್ದು. ಕೆಲವು ರಹದಾರಿಗಳು ಕಳವಾಗಿವೆಯೆಂಬ ವರದಿಯೇ ಕಾರಣವೆಂದು ತಿಳಿಸಿದರು. ಹೊಸದರಲ್ಲಿ 200ನ್ನು ಕೊಟ್ಟಿರುವುದಾಗಿ ಆ ವರ್ಷದ ನವೆಂಬರಿನ ಲೆಕ್ಕವನ್ನು ಸಂಸತ್ತಿಗೆ ಹೇಳಿದರು. ಅದೇ ಆಗಸ್ಟ್ 29ರಂದು ನಮ್ಮ ಮೆಟ್ರೋ ಕೆಂಗೇರಿಯವರೆಗೆ ಓಡಿತು. ದಾರಿಯಲ್ಲಿ ಜ್ಞಾನಭಾರತಿಗೂ ಒಂದು ನಿಲ್ದಾಣವಾಯಿತು. ಪಶ್ಚಿಮ ಬೆಂಗಳೂರಿನ ನಮಗೆ ಆ ವಾರ ನೆನಪಿರುವುದು ಅದಕ್ಕಾಗಿ.

ರದ್ದಾದದ್ದು ಏನು ಎಂದು ಸ್ವಲ್ಪ ಯೋಚಿಸಬೇಕು. ಆ ವಿದ್ಯಾರ್ಥಿಗಳಲ್ಲಿ ಅನೇಕರು ತಾವಾಗಿ ಬಂದವರಲ್ಲ, ನಾವು ಕರೆದು ಬಂದವರು. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ವರ್ಷಕ್ಕೆ ಸುಮಾರು 1,000 ವಿದ್ಯಾರ್ಥಿವೇತನಗಳನ್ನು ಆ ದೇಶದವರಿಗೆಂದು ಇಟ್ಟಿತ್ತು. ಸಾಂಕ್ರಾಮಿಕದ ಕಾಲದಲ್ಲಿ ತರಗತಿಗಳು ಗಣಕಯಂತ್ರಕ್ಕೆ ಬಂದಾಗ ಊರಿಗೆ ಹೋಗಿ ಅಲ್ಲಿಂದಲೇ ಪಾಠ ಕೇಳುತ್ತಿದ್ದವರು ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ಬಹಳ ಮಂದಿ. ಅವರು ಹಿಂದಿರುಗಲಾರದೆ ಹೋದರು. ಇಲ್ಲೇ ಉಳಿದಿದ್ದವರ ಪಾಡು ಬೇರೆ. ಅವರು ಸುರಕ್ಷಿತರು; ಆದರೆ ಹೆಂಡತಿಯನ್ನು ಕರೆಸಿಕೊಳ್ಳಲು ಪಡೆದಿದ್ದ ಮುದ್ರೆಗೆ ಬೆಲೆ ಹೋಯಿತು. ವೀಸಾ ಎನ್ನುವುದು ಉಪಕಾರವೋ ವಚನವೋ ಎಂದು ನ್ಯಾಯಶಾಸ್ತ್ರಜ್ಞರು ಚರ್ಚಿಸಬಹುದು. ಅದು ಉಪಕಾರ, ಸರಕಾರ ಬೇಕೆಂದಾಗ ಹಿಂದೆಗೆಯಬಹುದು ಎಂದೇ ಕಾಯಿದೆಯ ಅಭಿಪ್ರಾಯವಿದ್ದೀತು. ಕೊಟ್ಟವರು ಏನೇ ಭಾವಿಸಲಿ, ಪಡೆದವನು ಅದನ್ನು ವಚನವೆಂದು ನಂಬಿ ಮನೆಬಿಟ್ಟು ಬಂದಿದ್ದಾನೆ. ಅವನ ಬಾಳಿನ ಏರ್ಪಾಡೆಲ್ಲ ಆ ನಂಬಿಕೆಯ ಮೇಲೆ ನಿಂತಿದೆ. ಸುಭಿಕ್ಷದಲ್ಲಿ ನಡೆದು ದುರ್ಭಿಕ್ಷದಲ್ಲಿ ನಿಲ್ಲುವ ವಚನವನ್ನು ನಾವು ಊರಿನ ಸಾಹುಕಾರನಿಂದಲೂ ಒಪ್ಪುತ್ತಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ನನ್ನ ಮಟ್ಟಿಗೆ ಇದೇ ಹೆಚ್ಚು ಕಠಿನವಾದದ್ದು. ಕುಟುಂಬವೆಂದರೆ ಯಾರು ಎಂಬುದನ್ನು ಅರ್ಜಿ ಹೇಳುತ್ತದೆ. ಯಾವ ದೇಶದ ಅರ್ಜಿಯನ್ನು ನೋಡಿದರೂ ಸಾಮಾನ್ಯವಾಗಿ ಮೊದಲಿಗೆ ಗಂಡ ಅಥವಾ ಹೆಂಡತಿ, ಆಮೇಲೆ ಇಂತಿಷ್ಟು ವಯಸ್ಸಿನೊಳಗಿನ ಮಕ್ಕಳು. ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾದವನು ಮದುವೆಯಾಗದ ಮಗನನ್ನು 21ರವರೆಗೆ ಜೊತೆಗೆ ಇಟ್ಟುಕೊಳ್ಳಬಹುದು. ಹುಟ್ಟುಹಬ್ಬ ಕಳೆದ ಮರುದಿನ ಅವನು ಬೇರೊಂದು ಲೆಕ್ಕಕ್ಕೆ ಸೇರಿದವನು. ಅಲ್ಲಿ ಮೂರುನಾಲ್ಕು ವರ್ಷದ ಮಗುವಾಗಿ ಹೋದ ನಮ್ಮವರ ಮಕ್ಕಳು, ತಂದೆಯ ಹಸಿರು ಚೀಟಿಯ ಸರದಿ ಬರುವುದಕ್ಕೆ ಮೊದಲೇ ದೊಡ್ಡವರಾಗಿಬಿಟ್ಟು ಪರದೇಶಿಗಳಾಗುವುದನ್ನು ಬಸವೇಶ್ವರನಗರದ, ವಿಜಯನಗರದ ಎಷ್ಟೋ ಅಜ್ಜಿಯರು ಬಲ್ಲರು. ಆ ಅಜ್ಜಿಗಂತೂ ಕೆಲಸದ ವೀಸಾದವನ ಅರ್ಜಿಯಲ್ಲಿ ಜಾಗವೇ ಇಲ್ಲ. ವಿಧವೆಯಾಗಿ ತವರಿಗೆ ಬಂದ ಅಕ್ಕ, ಮದುವೆಯಾಗದ ಅತ್ತೆ, ತೀರಿಹೋದ ತಮ್ಮನ ಮಗು: ನಮ್ಮಲ್ಲಿ ‘ಮನೆಮಂದಿ’ ಎಂದಾಗ ಮೊದಲು ಕಣ್ಣಿಗೆ ಬರುವವರು ಇವರು.

ಶಾಂತಿಯಲ್ಲಿ ಇದು ವ್ಯಾಖ್ಯೆಯ ಪ್ರಶ್ನೆ. ಕಾಬೂಲಿನಂಥ ಊರಿನಲ್ಲಿ ಇದು ಯಾರು ಹೊರಡಬೇಕು, ಯಾರು ಉಳಿಯಬೇಕು ಎಂಬ ಪ್ರಶ್ನೆ. ಹೆಂಡತಿ ಮಕ್ಕಳ ಹೆಸರು ಬರೆದು ತಾಯಿಯ ಹೆಸರು ಬಿಡುವವನ ಕೈ ನಡುಗದೆ ಇದ್ದೀತೆ? ಆಯ್ಕೆ ಮಾಡಿದ್ದು ಕಾಯಿದೆ. ಆದರೆ ಲೇಖನಿ ಹಿಡಿದವನು ಅವನು, ಕೆಳಗೆ ರುಜು ಅವನದು. ಮುಂದೆ ಏನಾದರೂ ನಡೆದರೆ ಅದರ ಪಾಪವನ್ನು ಹೊರುವವನೂ ಅವನೇ. ಇತ್ತ ಕಛೇರಿಯ ಗುಮಾಸ್ತರು ನಿಯಮದಂತೆ ನಡೆದವರು. ಅವರಿಗೆ ರಾತ್ರಿ ನಿದ್ರೆ ಬರುತ್ತದೆ, ಬರಬಾರದೆಂದು ನಾನು ಹೇಳುವುದಿಲ್ಲ. ಆದರೆ ಸಮಾಜವೊಂದು ತನ್ನ ನಿರ್ಧಾರದ ಭಾರವನ್ನು ಹೀಗೆ ಒಬ್ಬ ಪರದೇಶದ ಹುಡುಗನ ಬೆನ್ನಿಗೆ ದಾಟಿಸುವುದು ಧರ್ಮವೆಂದು ನನಗೆ ತೋರದು.

ಇದಕ್ಕೆ ಉತ್ತರವಿಲ್ಲದಿಲ್ಲ. ಜಗತ್ತಿನಲ್ಲಿ ಯುದ್ಧಗಳಿಗೆ ಕೊನೆಯಿಲ್ಲ, ಎಲ್ಲರಿಗೂ ಬಾಗಿಲು ತೆರೆದರೆ ಒಳಗಿರುವವರ ಗತಿಯೇನು ಎನ್ನುವವರುಂಟು. ಕಳವಾದ ರಹದಾರಿಯಲ್ಲಿ ಕೊಲೆಗಡುಕನೊಬ್ಬ ಬಂದರೆ ಹೊಣೆ ಯಾರದು ಎನ್ನುವವರೂ ಉಂಟು. ಈ ಎರಡನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅದಕ್ಕೆ ತಕ್ಕ ಮದ್ದು ಒಬ್ಬೊಬ್ಬರನ್ನೂ ವಿಚಾರಿಸುವುದು. ಎಲ್ಲರ ಮುದ್ರೆಯನ್ನೂ ಒಂದೇ ಪ್ರಕಟನೆಯಲ್ಲಿ ಅಳಿಸುವುದು ವಿಚಾರಿಸುವ ಶ್ರಮವನ್ನು ತಪ್ಪಿಸಿಕೊಂಡಂತೆ. ಇವೆರಡಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಜ್ಞಾನಭಾರತಿಯಲ್ಲಿ ಓದುವ ಅಣ್ಣನಿದ್ದವಳಿಗೆ ಬಾಗಿಲು, ಯಾರೂ ಇಲ್ಲದವಳಿಗೆ ಇಲ್ಲ ಎಂದರೆ ಅದು ನ್ಯಾಯವೆ? ಕಷ್ಟ ಇಬ್ಬರಿಗೂ ಒಂದೇ. ಬಂಧುಬಳಗವಿದ್ದವರಿಗೇ ದಯೆ ತೋರಿಸುವುದು ನಮ್ಮ ದೇಶದಲ್ಲಿ ಹಳೆಯ ರೋಗವಲ್ಲವೆ?

ಈ ಆಕ್ಷೇಪದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಕಡೆಗೆ ಹೊಳೆಯುವುದಿಷ್ಟು. ಯಾರೂ ಇಲ್ಲದವಳಿಗೆ ನಾವು ತೋರಬೇಕಾದದ್ದು ದಯೆ; ಅದಕ್ಕೆ ಮಿತಿ ನಮ್ಮ ಶಕ್ತಿ. ಕರೆದವನ ಮನೆಯವರಿಗೆ ನಾವು ಕೊಡಬೇಕಾದದ್ದು ಸಾಲ. ಊರಿಗೆಲ್ಲ ಅನ್ನಛತ್ರ ಇಡಲಾರೆನೆಂಬ ಕಾರಣದಿಂದ ಯಾರೂ ಕೈಸಾಲವನ್ನು ತೀರಿಸದೆ ಇರುವುದಿಲ್ಲ. ಅಲ್ಲದೆ ಸಾಲಕ್ಕೆ ಲೆಕ್ಕವಿದೆ. ಕರೆದವರು ಎಷ್ಟು ಮಂದಿ, ಅವರ ಮನೆಯಲ್ಲಿ ಎಷ್ಟು ಮಂದಿ ಎಂಬುದನ್ನು ಎಣಿಸಬಹುದು. ಪ್ರವಾಹದ ಉಪಮೆ ಇಲ್ಲಿ ಸಲ್ಲದು.

ರಹದಾರಿಯೇ ಬಹುಮಟ್ಟಿಗೆ ಯುದ್ಧದ ಕೂಸು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಯೂರೋಪಿನ ಬಹುಭಾಗದಲ್ಲಿ ಅದಿಲ್ಲದೆ ಓಡಾಡುತ್ತಿದ್ದರು. ಭಾರತ ಪ್ರವೇಶಕ್ಕೆ ರಹದಾರಿ ಬೇಕೆಂಬ ಕಾಯಿದೆ ಆ ಯುದ್ಧ ಮುಗಿದ ಮೇಲೆ 1920ರಲ್ಲಿ ಆಯಿತು. ವಿದೇಶೀಯರ ನೋಂದಣಿಯ ಕಾಯಿದೆ 1939ರದು, ವಿದೇಶೀಯರ ಕಾಯಿದೆ 1946ರದು. ವರ್ಷಗಳೇ ಕಥೆ ಹೇಳುತ್ತವೆ. 2025ರ ಸೆಪ್ಟೆಂಬರ್ 1ರಿಂದ ಈ ಮೂರರ ಜಾಗಕ್ಕೂ ಹೊಸದೊಂದು ಕಾಯಿದೆ ಬಂದಿದೆ. ಆದರೂ ಬೇಕೆಂದಾಗ ಕಾಗದವನ್ನು ಪಕ್ಕಕ್ಕಿಡುವುದು ಸಾಧ್ಯವೆಂದು ನಮಗೆ ಗೊತ್ತು. 2022ರ ಫೆಬ್ರುವರಿಯ ಕೊನೆಯಲ್ಲಿ ಯುಕ್ರೇನಿನಿಂದ ಓಡಿಬಂದ ಭಾರತೀಯ ವಿದ್ಯಾರ್ಥಿಗಳನ್ನು ಪೋಲೆಂಡು ವೀಸಾ ಇಲ್ಲದೆಯೇ ಒಳಗೆ ಬಿಟ್ಟುಕೊಂಡಿತು. ಆ ಸುದ್ದಿಯನ್ನು ಓದಿ ಸಂತೋಷಪಟ್ಟವರು ನಾವು. ಅಳೆದುಕೊಳ್ಳುವಾಗ ದೊಡ್ಡ ಸೇರು, ಅಳೆದುಕೊಡುವಾಗ ಚಿಕ್ಕ ಸೇರು ಇಟ್ಟುಕೊಂಡ ಅಂಗಡಿಯವನಿಗೆ ನಮ್ಮ ಹಿರಿಯರು ಏನೆನ್ನುತ್ತಿದ್ದರೆಂದು ಇಲ್ಲಿ ಬರೆಯುವುದು ಬೇಡ.

ಕನ್ನಡನಾಡಿಗೆ ದೊಡ್ಡ ಸೇರಿನ ಅಭ್ಯಾಸವೂ ಇಲ್ಲದೆ ಇಲ್ಲ. ಟಿಬೆಟ್ಟಿನಿಂದ ಬಂದವರಿಗೆ 1960ರ ಸುಮಾರಿನಲ್ಲಿ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. ಆಗಲೂ ಈಗಲೂ ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ರುಜು ಹಾಕಿಲ್ಲ. ರುಜು ಇಲ್ಲದೆಯೂ ಕೆಲಸ ನಡೆಯಿತು. ಮುದುಕರು, ಮಕ್ಕಳು, ಸಂನ್ಯಾಸಿಗಳು ಒಟ್ಟಿಗೆ ಒಂದು ಊರಾಗಿ ನೆಲಸಿದರು.

ಈಗ ಮಾಡಬೇಕಾದದ್ದು ಅಷ್ಟು ದೊಡ್ಡದೂ ಅಲ್ಲ. ಹೊರದೇಶದ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವ ದಿನವೇ ಅವನ ಮನೆಯಲ್ಲಿ ಯಾರುಯಾರಿದ್ದಾರೆ, ಅವರಲ್ಲಿ ಅವನನ್ನೇ ನಂಬಿದವರು ಯಾರು ಎಂದು ಕೇಳಿ, ಅವಸರವಿಲ್ಲದ ಕಾಲದಲ್ಲಿ ವಿಚಾರಿಸಿ, ಪಟ್ಟಿಯನ್ನು ನೋಂದಣಿ ಕಛೇರಿಯಲ್ಲಿ ಇಡಬಹುದು. ಯುದ್ಧ ಬಂದ ದಿನ ಆ ಪಟ್ಟಿ ಸಿದ್ಧವಿರುತ್ತದೆ; ತಾಯಿಯ ಹೆಸರನ್ನು ಬರೆಯುವುದೋ ಬಿಡುವುದೋ ಎಂದು ಅವನು ಆ ಗಳಿಗೆಯಲ್ಲಿ ತೂಗಬೇಕಾಗಿಲ್ಲ. ಮನೆಯಲ್ಲಿ ಎಷ್ಟು ಜನ ಎಂದು ನಾಗರಭಾವಿಯ ಮನೆಮಾಲೀಕರು ಬಾಡಿಗೆಯ ಮಾತಿಗೆ ಮೊದಲೇ ಕೇಳುತ್ತಾರೆ. ಅದೇ ಪ್ರಶ್ನೆಯನ್ನು ವಿಶ್ವವಿದ್ಯಾನಿಲಯದ ಅರ್ಜಿಯಲ್ಲಿ ಸೇರಿಸಲು ಒಂದು ಅಂಕಣ ಸಾಕು.