ಮೃಷ್ಟಾನ್ನ ಭೋಜನವು ಪಾಪವೋ?



ಬಹು ಬೆಲೆಯುಳ್ಳ ಊಟವನ್ನು ಉಣ್ಣುವದು ಕ್ರೈಸ್ತನಿಗೆ ಯುಕ್ತವೋ? ಪಟ್ಟಣದ ಕೆಲಸಕ್ಕೆ ಹೋಗಿ ಬಂದ ಯೌವನಸ್ಥರು ನಮ್ಮನ್ನು ಹೀಗೆ ಕೇಳುತ್ತಾರೆ. ಹಿರಿಯರು ಥಟ್ಟನೆ ಪಾಪವೆನ್ನುತ್ತಾರೆ. ತೀರ್ಪು ಹೇಳುವದಕ್ಕಿಂತ ಮೊದಲು ಒಂದು ದೃಷ್ಟಾಂತವನ್ನು ವಿಚಾರಿಸೋಣ.

ಇತಾಲ್ಯ ದೇಶದ ಮೋದೆನಾ ಪಟ್ಟಣದಲ್ಲಿ ಒಸ್ತೆರಿಯಾ ಫ್ರಾಂಚೆಸ್ಕಾನಾ ಎಂಬ ಭೋಜನಶಾಲೆಯುಂಟು. ಮಸ್ಸಿಮೋ ಬೊತ್ತೂರಾ ಎಂಬ ಪಾಕಪ್ರವೀಣನು 1995ರಲ್ಲಿ ಇದನ್ನು ತೆರೆದನು. ಲೋಕದ ಶ್ರೇಷ್ಠ ಭೋಜನಶಾಲೆಗಳ ಪ್ರಸಿದ್ಧ ಪಟ್ಟಿಯೊಂದರಲ್ಲಿ 2016ರಲ್ಲಿಯೂ 2018ರಲ್ಲಿಯೂ ಇದಕ್ಕೆ ಮೊದಲನೆಯ ಸ್ಥಾನ ದೊರಕಿತು. ಅಲ್ಲಿಯ ಮೇಜುಗಳು ಸುಮಾರು 12 ಮಾತ್ರ. ಒಬ್ಬನ ಊಟಕ್ಕೆ 300 ಯೂರೋಗಿಂತ ಹೆಚ್ಚು, ಅಂದರೆ ನಮ್ಮ 25,000 ರೂಪಾಯಿಗೆ ಮೀರಿದ ಬೆಲೆ. ಒಂದೇ ಜಾತಿಯ ಗಿಣ್ಣನ್ನು ಐದು ಪ್ರಾಯಗಳಲ್ಲಿ ಆರಿಸಿ ಐದು ರೂಪಗಳಲ್ಲಿ ಬಡಿಸುವ ಖಾದ್ಯವು ಅಲ್ಲಿ ಹೆಸರುವಾಸಿಯಾದದ್ದು.

ನಾವು ಆ ಮೇಜಿನಲ್ಲಿ ಕೂತವರಲ್ಲ. ಆದರೂ ಅದನ್ನು ಪಾಪವೆನ್ನಲು ನಮಗೆ ಧೈರ್ಯವಿಲ್ಲ. ಯಾಕಂದರೆ ಕಾನಾ ಊರಿನ ಮದುವೆಯಲ್ಲಿ ನಮ್ಮ ಕರ್ತನು ಮಾಡಿದ ದ್ರಾಕ್ಷಾರಸವು ಕಳಪೆಯದಾಗಿರಲಿಲ್ಲ. ರುಚಿಯನ್ನು ಉಂಟುಮಾಡಿದಾತನೂ ನಾಲಿಗೆಯನ್ನು ಕೊಟ್ಟಾತನೂ ದೇವರೇ. ಲೂಕನ 16ನೆಯ ಅಧ್ಯಾಯದ ಐಶ್ವರ್ಯವಂತನ ದೋಷವನ್ನು ಅವನ ತಟ್ಟೆಯಲ್ಲಿ ಹುಡುಕಬೇಡಿರಿ, ಬಾಗಿಲಲ್ಲಿ ಹುಡುಕಿರಿ. ಅಲ್ಲಿ ಬಿದ್ದಿದ್ದ ಲಾಜರನಿಗೆ ಒಳಗೆ ಎಡೆಯಿರಲಿಲ್ಲ.

ಬೊತ್ತೂರಾನು ತನ್ನ ಬಾಗಿಲ ಹೊರಗೆ ನೋಡಿದನು. 2015ರಲ್ಲಿ ಮಿಲಾನ್ ಪಟ್ಟಣದಲ್ಲಿ ಲೋಕಪ್ರದರ್ಶನವು ನಡೆದಾಗ, ಕಾರಿತಾಸ್ ಎಂಬ ಕಥೋಲಿಕರ ಧರ್ಮಸಂಸ್ಥೆಯೊಡನೆ ಕೂಡಿ, ಬಳಕೆಯಿಲ್ಲದ ಹಳೆಯ ನಾಟಕಶಾಲೆಯೊಂದನ್ನು ಊಟದ ಮನೆಯಾಗಿ ಮಾಡಿದನು. ಪ್ರದರ್ಶನದಲ್ಲಿ ಮಿಕ್ಕ ಪದಾರ್ಥಗಳಿಂದ ನಾನಾ ದೇಶಗಳ ಪ್ರಸಿದ್ಧ ಪಾಕಪ್ರವೀಣರು ಅಲ್ಲಿ ಮನೆಮಾರಿಲ್ಲದವರಿಗೆ ಅಡಿಗೆಮಾಡಿದರು. ಒಣಗಿದ ರೊಟ್ಟಿಯೂ ಕಂದಿದ ಹಣ್ಣೂ ಭಕ್ಷ್ಯಗಳಾದವು. ಬಡವರು ಅತಿಥಿಗಳಂತೆ ಮೇಜಿನಲ್ಲಿ ಕೂತರು. ಸೇವಕರು ತಂದು ಬಡಿಸಿದರು. ಐದು ಸಾವಿರ ಮಂದಿ ಉಂಡಮೇಲೆ ಕರ್ತನು ಕೂಡಿಸಿದ 12 ಪುಟ್ಟಿಗಳು ನಮ್ಮ ನೆನಪಿಗೆ ಬರುತ್ತವೆ.

ಐಶ್ವರ್ಯವಂತರಿಗೆ ಹೊಸದು, ಬಡವರಿಗೆ ಮಿಕ್ಕದ್ದು, ಇದು ನ್ಯಾಯವೋ ಎಂದು ಒಬ್ಬನು ಕೇಳಾನು. ಈ ಮಾತಿಗೆ ನಮ್ಮಲ್ಲಿ ಪೂರ್ಣ ಉತ್ತರವಿಲ್ಲ. ಒಂದು ಒಳ್ಳೆಯ ಕೆಲಸವು ಬೇರೊಂದರ ಸಾಲವನ್ನು ತೀರಿಸದು. ಆದರೆ ಹಾಗೆ ಕೇಳುವ ನಾವು ಎಂಥವರು?

ಒಂದು ಬೆಳೆಹಬ್ಬದಲ್ಲಿ ನಾವು ಸಭೆಯ ಹಿರಿಯರೊಡನೆ ಮೊದಲನೆಯ ಪಂಕ್ತಿಯಲ್ಲಿ ಕೂತು ತೃಪ್ತಿಯಾಗಿ ಉಂಡೆವು. ಎರಡು ಸೇರು ರಾಗಿಯನ್ನು ಕಾಣಿಕೆ ತಂದಿದ್ದ ಒಬ್ಬ ವಿಧವೆಯು ಪಾತ್ರೆಗಳನ್ನು ತೊಳೆದು ಕಡೆಯ ಪಂಕ್ತಿಯಲ್ಲಿ ಕೂತಾಗ, ಸೀದ ತಳದ ಅನ್ನವೂ ನೀರಾದ ಸಾರೂ ಉಳಿದಿದ್ದವು. ಪಂಕ್ತಿಭೇದವನ್ನು ತೊರೆದು ಕ್ರಿಸ್ತನ ಬಳಿಗೆ ಬಂದೆವೆಂದು ಹೇಳಿಕೊಳ್ಳುವವರು ನಾವು! ಆ ಊಟಕ್ಕೆ ಬೆಲೆಯಿರಲಿಲ್ಲ. ಆದರೂ ಬಾಗಿಲು ಮುಚ್ಚಿತ್ತು. ಮುಚ್ಚಿದವರು ನಾವೇ.

ಆದದರಿಂದ ಯೌವನಸ್ಥರೇ, ಊಟದ ಬೆಲೆ ಎಷ್ಟೆಂದು ಕೇಳುವಾಗ, ಯಾರನ್ನು ಕರೆದೆವು, ಅವರಿಗೆ ಏನನ್ನು ಬಡಿಸಿದೆವು ಎಂದೂ ಕೇಳಿಕೊಳ್ಳಿರಿ. ಲೂಕನ 14ನೆಯ ಅಧ್ಯಾಯದಲ್ಲಿ ಕರ್ತನು ಔತಣಕ್ಕೆ ಇಟ್ಟ ನಿಯಮವು ಇದೇ. ಹಿರಿಯರೇ, ಬರುವ ಹಬ್ಬದಲ್ಲಿ ಆ ತಾಯಿಯನ್ನು ಮೊದಲು ಕೂಡ್ರಿಸಿ ನಾವು ಬಡಿಸೋಣ. ತಳದ ಅನ್ನವು ನಮಗಿರಲಿ.