ಚಿಕ್ಕ ಕೋವಿಯೂ ದೊಡ್ಡ ಹೊಣೆಯೂ



ಮೂಡಿಗೆರೆಯಿಂದ ಕಳಸದ ಕಡೆಗೆ ಏರುವ ಬೆಟ್ಟಗಳಲ್ಲಿ ಒಂದೆರಡು ಎಕರೆ ತೋಟವುಳ್ಳವನ ಸಂಕಟವನ್ನು ನಾವು ಅರಿಯದವರಲ್ಲ. ಹೊಸದಾಗಿ ನೆಟ್ಟ ಸಸಿಯ ಎಳೆಯ ತುದಿಯನ್ನು ಮೊಲವು ಕಡಿದುಹಾಕುವದು. ಗದ್ದೆಯ ಪೈರನ್ನು ಕಾಡುಹಂದಿಯು ಒಂದೇ ರಾತ್ರಿಯಲ್ಲಿ ಬುಡಮೇಲು ಮಾಡುವದು. ಮಂಗಗಳು ಬಾಳೆಯನ್ನೂ ಏಲಕ್ಕಿಯನ್ನೂ ಸೂರೆಗೊಳ್ಳುವವು. ಹೀಗಿರಲಾಗಿ ಸಭೆಯ ಯೌವನಸ್ಥನೊಬ್ಬನು ನಮ್ಮನ್ನು ಕೇಳಿದ್ದೇನಂದರೆ: "ಹೊರದೇಶದ ಬೇಸಾಯಗಾರರು ಮೊಲಗಳನ್ನು ಕೊಲ್ಲುವದಕ್ಕೆ ಪಾಯಿಂಟ್ 22 ಎಂಬ ಚಿಕ್ಕ ರೈಫಲನ್ನು ಇಟ್ಟುಕೊಳ್ಳುತ್ತಾರಂತೆ. ಅದರ ತೋಟೆ ಅಗ್ಗ, ಸದ್ದು ಕಡಿಮೆ, ಪೆಟ್ಟು ಹಗುರ. ನಾವೂ ಅಂಥದನ್ನು ಹಿಡಿದರೆ ತಪ್ಪೇನು?" ಈ ಪ್ರಶ್ನೆಯನ್ನು ಗದರಿಸಿ ತಳ್ಳಿಬಿಡುವದು ನ್ಯಾಯವಲ್ಲ.

ಮೊದಲು ಆ ಕೋವಿಯ ಗುಣವನ್ನು ಇದ್ದಹಾಗೆ ಹೇಳೋಣ. ಅದರ ತೋಟೆಯ ಬುಡದ ಅಂಚಿನೊಳಗೆ ಸಿಡಿಮದ್ದು ಇರುವದು. ಕೋವಿಯ ಮೊಳೆಯು ಆ ಅಂಚನ್ನು ಹೊಡೆದಾಗ ಗುಂಡು ಹೊರಡುವದು. ಆದಕಾರಣ ಅದಕ್ಕೆ ರಿಮ್‌ಫೈರ್ ಎಂದು ಹೆಸರಾಯಿತು. 1887ರಲ್ಲಿ ಅಮೇರಿಕಾದಲ್ಲಿ ಹೊರಬಂದ ಲಾಂಗ್ ರೈಫಲ್ ಎಂಬ ತೋಟೆಯು ಇಂದಿಗೂ ಲೋಕದಲ್ಲೆಲ್ಲಾ ಬಳಕೆಯಲ್ಲಿದೆ. ಅದರ ಗುಂಡಿನ ತೂಕ ಸುಮಾರು ಎರಡೂವರೆ ಗ್ರಾಂ ಮಾತ್ರ. ಸ್ಥಿರವಾದ ಕೈಯುಳ್ಳವನು ಸಮೀಪದಿಂದ ಮೊಲದ ತಲೆಗೆ ಗುರಿಯಿಟ್ಟರೆ ಅದು ಕ್ಷಣದಲ್ಲಿ ಸಾಯುವದು. ವಿಷವಾದರೋ ಇಲಿಯೊಂದಿಗೆ ಮನೆಯ ನಾಯಿಯನ್ನೂ ಗೂಬೆಯನ್ನೂ ಕೊಲ್ಲುವದು. ಹಂದಿಗೆಂದು ಒಡ್ಡಿದ ತಂತಿಯ ಉರುಳು ಚಿರತೆಯನ್ನು ಹಿಡಿದು ಗಂಟೆಗಟ್ಟಲೆ ಒದ್ದಾಡಿಸುವದು. ಕೋವಿಯು ಗುರಿಯಾದ ಒಂದನ್ನೇ ಕೊಲ್ಲುತ್ತದಾದದರಿಂದ, ಕೊಲ್ಲುವದು ಅವಶ್ಯವೂ ಕಾನೂನಿಗೆ ಒಪ್ಪಿದ್ದೂ ಆಗಿರುವ ದೇಶದಲ್ಲಿ ಅದು ಹೆಚ್ಚು ಕರುಣೆಯುಳ್ಳ ಸಾಧನವೆಂದು ಒಪ್ಪುತ್ತೇವೆ.

ಆದರೆ ಚಿಕ್ಕದೆಲ್ಲಾ ನಿರಪಾಯವೆಂದು ತಿಳಿಯಬಾರದು. ಆ ಎರಡೂವರೆ ಗ್ರಾಂ ಸೀಸವು ಗುರಿ ತಪ್ಪಿದರೆ ಒಂದೂವರೆ ಕಿಲೋಮೀಟರಿಗಿಂತಲೂ ದೂರ ಹಾರಬಲ್ಲದು. ಕಲ್ಲಿಗೆ ತಗುಲಿದರೆ ಪುಟಿದು ಬೇರೆ ಕಡೆಗೆ ಹೋಗಬಲ್ಲದು. ನಮ್ಮ ತೋಟಗಳಲ್ಲಿ ಗಿಡದ ಮರೆಯಲ್ಲಿ ಹಣ್ಣು ಬಿಡಿಸುವ ಹೆಂಗಸರಿದ್ದಾರೆ, ಇಳಿಜಾರಿನ ಕೆಳಗೆ ಲೈನು ಮನೆಗಳಿವೆ, ಕಾಲುದಾರಿಯಲ್ಲಿ ಶಾಲೆಗೆ ನಡೆಯುವ ಮಕ್ಕಳಿದ್ದಾರೆ. ಹಂದಿಯೆಂದು ಹಾರಿಸಿದ ಗುಂಡು ನೆರೆಯವನಿಗೆ ತಗುಲಿದ ಸುದ್ದಿಯನ್ನು ಮಲೆನಾಡು ಒಂದಲ್ಲ ಅನೇಕ ಸಾರಿ ಕೇಳಿದೆ. ಮೋಶೆಯ ಧರ್ಮಶಾಸ್ತ್ರದಲ್ಲಿ ಹೊಸ ಮನೆ ಕಟ್ಟುವವನು ಮಾಳಿಗೆಗೆ ಗೋಡೆಕಟ್ಟು ಇಡಬೇಕೆಂಬ ಆಜ್ಞೆಯುಂಟಷ್ಟೆ. ಬೀಳುವವನು ಯಾರೋ ಗೊತ್ತಿಲ್ಲ, ಆದರೂ ಹೊಣೆ ಮನೆಯವನದು. ಕೋವಿ ಹಿಡಿದವನಿಗೂ ನ್ಯಾಯ ಅದೇ.

ಇನ್ನೊಂದು ಅಪಾಯವೇನಂದರೆ, ಮೊಲಕ್ಕೆಂದು ತಂದ ಕೋವಿಯು ಮೊಲಕ್ಕೇ ನಿಲ್ಲುವದಿಲ್ಲ. ಹಂದಿಯು ಎದುರಿಗೆ ಬಂದಾಗ ಮನಸ್ಸು ತಡೆಯದು. ಅಷ್ಟು ಸಣ್ಣ ಗುಂಡು ಅದನ್ನು ಕೊಲ್ಲದೆ ಗಾಯಮಾಡಿ ಬಿಡುವದು. ಪ್ರಾಣಿಯು ಪೊದೆಯಲ್ಲಿ ದಿನಗಟ್ಟಲೆ ನರಳುವದು, ಇಲ್ಲವೆ ಮರುದಿನ ಅಲ್ಲಿಗೆ ಬಂದ ಕೂಲಿಯವನ ಮೇಲೆ ಬೀಳುವದು.

ಪರದೇಶದ ಮೊಲವೂ ನಮ್ಮದೂ ಒಂದೇ ಅಲ್ಲವೆಂಬದನ್ನೂ ಅರಿಯಬೇಕು. ಅವರ ಮೊಲವು ಬಿಲ ತೋಡಿ ಗುಂಪಾಗಿ ಬಾಳುವದು. ನಮ್ಮದು ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಮಲಗುವದು. ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ಬೇಟೆಯ ವಿನೋದಕ್ಕಾಗಿ ಇಂಗ್ಲೆಂಡಿನಿಂದ ಮೊಲಗಳನ್ನು ತರಿಸಿ ಬಿಟ್ಟನು. ಅವು ಹೆಚ್ಚಿ ದೇಶವನ್ನೇ ತುಂಬಿದವು. ಕೋವಿಗಳು ಸೋತವು, ಬೇಲಿಯೂ ಸೋತಿತು, 1950ರಲ್ಲಿ ರೋಗವನ್ನು ಹರಡಿ ಅವುಗಳನ್ನು ತಗ್ಗಿಸಬೇಕಾಯಿತು. ಒಬ್ಬನ ವಿನೋದವು ಅನೇಕರ ಹೊಲಕ್ಕೆ ಶಾಪವಾಯಿತು.

ಇನ್ನು ರಾಜ್ಯದ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1991ರ ತಿದ್ದುಪಡಿಯೂ ಬೇಟೆಯನ್ನು ನಿಷೇಧಿಸಿವೆ. ಮೊಲವೂ ಹಂದಿಯೂ ಅದರ ರಕ್ಷಣೆಯೊಳಗಿವೆ. ಅಪಾಯಕರವಾದ ಪ್ರಾಣಿಯನ್ನು ಕೊಲ್ಲಬೇಕಾದರೆ ಮೇಲಧಿಕಾರಿಯ ಬರಹದ ಅಪ್ಪಣೆ ಬೇಕು. 1959ರ ಆಯುಧ ಕಾಯಿದೆಯು ಬೆಳೆಯ ರಕ್ಷಣೆಗೆಂದು ಹೆಸರಿಸಿರುವದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಗುರಿಯ ಅಭ್ಯಾಸದ ಕೋವಿಯ ಮಾತು ರೈಫಲ್ ಕ್ಲಬ್ಬಿನವರ ಸಂಬಂಧವಾಗಿ ಬೇರೆಯಾಗಿ ಬರುವದು. ಬೆಳೆಗಾಗಿ ಕೊಟ್ಟ ಲೈಸೆನ್ಸು ಕಾಡುಪ್ರಾಣಿಯನ್ನು ಕೊಲ್ಲುವ ಅಪ್ಪಣೆಯಲ್ಲ. ಹಾಗಾದರೆ ತೋಟದಲ್ಲಿ ಉಳಿಯುವ ಉಪಯೋಗವು ಸದ್ದಿನಿಂದ ಬೆದರಿಸುವದೊಂದೇ. ಅದಕ್ಕೆ ಸದ್ದು ಕಡಿಮೆಯಾದ ಚಿಕ್ಕ ರೈಫಲು ಏತಕ್ಕೂ ಬಾರದು!

ಇಲ್ಲಿ ಬಡವನು, "ಪಟ್ಟಣದವರ ಪ್ರಾಣಿಪ್ರೀತಿಗೆ ನನ್ನ ಕಣಜವು ಬೆಲೆ ಕೊಡಬೇಕೋ?" ಎಂದು ಕೇಳಿದರೆ ಆ ಮಾತಿನಲ್ಲಿ ಸತ್ಯವಿದೆ. ಎಲ್ಲರ ಒಳ್ಳೇದಕ್ಕಾಗಿ ಮಾಡಿದ ಕಾನೂನಿನ ಭಾರವನ್ನು ಕಾಡಂಚಿನವನೊಬ್ಬನೇ ಹೊರುವದು ನ್ಯಾಯವಲ್ಲ. ಆದಕಾರಣ ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವದು ಭಿಕ್ಷೆಯಲ್ಲ, ಹಕ್ಕು. ಅರ್ಜಿ ಬರೆಯಲು ತಿಳಿಯದವನಿಗೆ ಓದುಬಲ್ಲ ಸಹೋದರನು ಬರೆದುಕೊಡಲಿ. ಸಸಿಮಡಿಯ ಸುತ್ತ ಸಣ್ಣಕಣ್ಣಿನ ಬಲೆಯನ್ನು ಬುಡ ಮಣ್ಣಿನಲ್ಲಿ ಹೂತು ನಿಲ್ಲಿಸಿದರೆ ಮೊಲದ ಬಾಧೆ ಬಹಳ ಕಡಿಮೆಯಾಗುವದು. ಕಾಫಿಯ ಮಹಾ ಶತ್ರುಗಳಾದ ಬಿಳಿ ಕಾಂಡಕೊರಕವನ್ನೂ ಕಾಯಿಕೊರಕವನ್ನೂ ಯಾವ ಕೋವಿಯೂ ಹೊಡೆಯಲಾರದು; ನೆರಳನ್ನು ಕಾಪಾಡುವದೂ, ರೋಗದ ಗಿಡವನ್ನು ಕಿತ್ತು ಸುಡುವದೂ, ಉದುರಿದ ಹಣ್ಣನ್ನು ಆರಿಸಿ ತೆಗೆಯುವದೂ ಅವುಗಳಿಗೆ ಮದ್ದು. ಈ ಕೆಲಸಗಳಲ್ಲಿ ಶೌರ್ಯದ ಹೆಸರು ಬಾರದು, ಬೆವರು ಮಾತ್ರ ಬರುವದು.

ಆ ಯೌವನಸ್ಥನಿಗೆ ನಾವು ಕೊಟ್ಟ ಉತ್ತರವು ಇದೇ: ಬೆಳೆಯನ್ನು ಕಾಯುವದು ಪಾಪವಲ್ಲ, ಅದು ಮನೆಯವರಿಗೆ ಸಲ್ಲಿಸುವ ಕರ್ತವ್ಯ. ಆದರೆ ಸಾಧನವು ಚಿಕ್ಕದಾದ ಮಾತ್ರಕ್ಕೆ ಹೊಣೆಯು ಚಿಕ್ಕದಾಗುವದಿಲ್ಲ. ಅವನು ಸುಮ್ಮನೆ ಕೇಳಿ, ಮರುವಾರ ಬಲೆಯ ಕ್ರಯವೆಷ್ಟೆಂದು ವಿಚಾರಿಸಲು ಪೇಟೆಗೆ ಇಳಿದನು.