ಕಡಲಾಳದ ಕತ್ತಲು



ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 40ನೆಯ ಸೂಕ್ತದಲ್ಲಿ ಆಳವಾದ ಸಮುದ್ರದ ಉಪಮೆಯೊಂದಿದೆ. ತೆರೆಗಳು ಒಂದರ ಮೇಲೊಂದು ಕವಿದಿವೆ, ಅದರ ಮೇಲೆ ಮೋಡ. ಅಲ್ಲಿರುವವನಿಗೆ ತಾನು ಚಾಚಿದ ಕೈಯೂ ಕಾಣದಷ್ಟು ಕತ್ತಲು. ಹಿಂದೆ ಅರಬ್ ಕೊಲ್ಲಿಯ ಮುತ್ತು ಹೆಕ್ಕುವವರು ಮೂಗಿಗೆ ಚಿಮಟ ಸಿಕ್ಕಿಸಿ, ಕಲ್ಲಿನ ಭಾರದಿಂದ ಒಂದೇ ಉಸಿರಿನಲ್ಲಿ ಕೆಳಗಿಳಿಯುತ್ತಿದ್ದರು. ಅವರು ತಲಪುತ್ತಿದ್ದುದು ಬಿಸಿಲು ಇಳಿಯುವ ನೀರನ್ನು ಮಾತ್ರ. 1000 ಮೀಟರಿನ ಕೆಳಗೆ ಸೂರ್ಯನ ಬೆಳಕೇ ಇಲ್ಲ. ಪ್ರತಿ 10 ಮೀಟರ್ ಇಳಿದಂತೆ ಮೈಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ.

1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ಎಂಬಿಬ್ಬರು 'ಟ್ರಿಯೆಸ್ಟ್' ಎಂಬ ಮುಳುಗು ವಾಹನದಲ್ಲಿ ಕುಳಿತು ಪೆಸಿಫಿಕ್ ಸಾಗರದ ಮರಿಯಾನಾ ಕಂದಕಕ್ಕಿಳಿದರು. ಸುಮಾರು 10,900 ಮೀಟರ್ ಆಳ. ಇಳಿಯಲು ಐದು ಗಂಟೆಗಳಷ್ಟು ಹಿಡಿಯಿತು. ದಾರಿಯಲ್ಲಿ ಕಿಟಕಿಯೊಂದು ಬಿರುಕುಬಿಟ್ಟಿತು. ತಳದಲ್ಲಿ ಅವರು ಇದ್ದದ್ದು ಇಪ್ಪತ್ತು ನಿಮಿಷ. ಕೆಸರೆದ್ದು ಫೋಟೋ ತೆಗೆಯಲೂ ಆಗಲಿಲ್ಲ. ಇಷ್ಟೆಲ್ಲ ಸಾಹಸಕ್ಕೆ ಮಾನವನಿಗೆ ದೊರೆತ ದರ್ಶನ ಅಷ್ಟೇ!

1977ರಲ್ಲಿ ಗಲಪಗೋಸ್ ದ್ವೀಪಗಳ ಸಮೀಪ, ಸುಮಾರು 2,500 ಮೀಟರ್ ಆಳದಲ್ಲಿ ಬಿಸಿನೀರಿನ ಬುಗ್ಗೆಗಳು ಕಂಡುಬಂದವು. ಅಲ್ಲಿ ಆಳೆತ್ತರ ಬೆಳೆಯುವ ಕೊಳವೆಹುಳುಗಳಿದ್ದವು. ಬೆಳೆದ ಹುಳುವಿಗೆ ಬಾಯಿಯಿಲ್ಲ, ಕರುಳಿಲ್ಲ. ನಮಗೆ ವಿಷವಾದ ಗಂಧಕದ ಅನಿಲದಿಂದಲೇ ಅದರ ದೇಹದೊಳಗಿನ ಬ್ಯಾಕ್ಟೀರಿಯಗಳು ಅದಕ್ಕೆ ಆಹಾರ ತಯಾರಿಸುತ್ತವೆ. ಪ್ರತಿಯೊಂದು ಜೀವಿಯ ಅನ್ನಾಧಾರದ ಹೊಣೆ ಅಲ್ಲಾಹನದೆಂದು ಹೂದ್ ಅಧ್ಯಾಯ ಸಾರುತ್ತದೆ. ಅದನ್ನು ಓದಿ ತಲೆದೂಗಿದ ನಾವೇ ಅಂಗಡಿಗೆ ಹೋಗಿ, ನಾಳೆಯ ಊಟದ ಭಯದಿಂದ ತಕ್ಕಡಿಯನ್ನು ಒಂದಿಷ್ಟು ಒತ್ತುತ್ತೇವೆ. ಬಾಯಿಲ್ಲದ ಹುಳುವನ್ನು ಮರೆಯದವನು ನಮ್ಮನ್ನು ಮರೆತಾನೆಂಬ ಗುಮಾನಿಯೇ ಇದು?

ನಮ್ಮ ಭಾಷಣಕಾರರ ಒಂದು ರೂಢಿಯ ಬಗ್ಗೆಯೂ ಹೇಳಬೇಕು. ಅನ್ನೂರ್‌ನ ಈ ಸೂಕ್ತವನ್ನು ಓದಿ, 'ವಿಜ್ಞಾನಿಗಳು ಇಂದು ಕಂಡುದನ್ನು ಕುರ್‌ಆನ್ ಅಂದೇ ಹೇಳಿತ್ತು' ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸಭೆಗೆ ಸಂತೋಷವಾಗುತ್ತದೆ. ಆದರೆ ಆ ಸೂಕ್ತದ ವಿಷಯ ಸಮುದ್ರವಲ್ಲ, ಮನುಷ್ಯನ ಕರ್ಮಗಳು. ಅದರ ಹಿಂದಿನ ಸೂಕ್ತದಲ್ಲಿ ಸತ್ಯನಿಷೇಧಿಗಳ ಕರ್ಮಗಳನ್ನು, ಬಾಯಾರಿದವನು ನೀರೆಂದು ಭ್ರಮಿಸುವ ಮರೀಚಿಕೆಗೆ ಹೋಲಿಸಲಾಗಿದೆ. ಇಲ್ಲಿ ಕಡಲಿನ ಕತ್ತಲಿಗೆ. ಇನ್ನೊಬ್ಬರ ಮೇಲೆ ಪ್ರಯೋಗಿಸಲು ನಾವು ಆತುರಪಡುವ ಈ ಉಪಮೆಯನ್ನು ನಮ್ಮ ವ್ಯವಹಾರದ ಪಕ್ಕದಲ್ಲಿಟ್ಟು ನೋಡಿದ್ದೇವೆಯೇ?

ಆ ಆಳದಲ್ಲಿ ದೀಪಗಳೂ ಇವೆ. ಗಾಳಮೀನು ಎಂಬೊಂದು ಮೀನಿದೆ. ಹೆಣ್ಣು ಮೀನಿನ ತಲೆಯಿಂದ ಚಾಚಿದ ಕಡ್ಡಿಯ ತುದಿ ಮಿನುಗುತ್ತದೆ. ಬೆಳಕು ಕಂಡು ಬಂದ ಬಡಪಾಯಿ ಜೀವಿ ಅದರ ಬಾಯಿಗೆ ಬೀಳುತ್ತದೆ. ಮೀನಿಗೆ ಅದು ಸೃಷ್ಟಿಕರ್ತನು ಕೊಟ್ಟ ಆಹಾರಮಾರ್ಗ, ದೋಷವಿಲ್ಲ. ಆದರೆ ಗಿರಾಕಿಯ ನಂಬಿಕೆ ಗಳಿಸಲೆಂದೇ ಮುಂದಿನ ಸಾಲಿನಲ್ಲಿ ನಮಾಝಿಗೆ ನಿಲ್ಲುವವನ, ಪತ್ರಿಕೆಯಲ್ಲಿ ಚಿತ್ರ ಬರಲೆಂದೇ ದಾನ ಕೊಡುವವನ ಬೆಳಕು ಯಾವ ಜಾತಿಯದು?

ಕಡಲಿನ ಕತ್ತಲನ್ನು ಯಾವ ವಾಹನವೂ ಇಲ್ಲದೆ ಕಂಡವರು ಪ್ರವಾದಿ ಯೂನುಸ್(ಅ). ಮೀನಿನ ಹೊಟ್ಟೆಯೊಳಗಿಂದ ಅವರು ಮೊರೆಯಿಟ್ಟಾಗ ಮೊದಲು ಅಲ್ಲಾಹನ ಏಕತ್ವವನ್ನೂ ಪಾವಿತ್ರ್ಯವನ್ನೂ ಸಾರಿದರು. ಬಳಿಕ, ತಪ್ಪು ತನ್ನದೇ ಎಂದರು. ಚೀಟಿಯೆತ್ತಿ ಅವರನ್ನು ನೀರಿಗಿಳಿಸಿದ ಹಡಗಿನವರ ಬಗ್ಗೆ ಒಂದು ದೂರೂ ಆ ಪ್ರಾರ್ಥನೆಯಲ್ಲಿಲ್ಲ.